ಈ ಜಡ್ಜ್ ಇರಲೋ, ಹೋಗಲೋ?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಜಡ್ಜ್‌ಗಳೂ ಓಟಿಗೆ ನಿಲ್ಲುತ್ತಾರೆ. ನಮಗೆ ವಿಚಿತ್ರ ಅನ್ನಿಸುತ್ತೆ, ಅಲ್ವಾ? ಅಲ್ಲಿ ಅದು ಹಳೇ ಪದ್ಧತಿ. ಮಿಸಿಸಿಪಿ ರಾಜ್ಯ 1832ರಲ್ಲೇ ತನ್ನ ಎಲ್ಲ ಜಡ್ಜ್‌ಗಳ ಆಯ್ಕೆಯನ್ನು ಜನರ ಕೈಗೆ ಕೊಟ್ಟಿತ್ತು.

ಮಿಸೌರಿಯಲ್ಲಿ ಈ ಪದ್ಧತಿ ಕೆಟ್ಟುಹೋಯಿತು. ಅಲ್ಲಿನ ಕಾನ್ಸಾಸ್ ಸಿಟಿಯಲ್ಲಿ ಟಾಮ್ ಪೆಂಡರ್ಗಾಸ್ಟ್ ಅಂತ ಒಬ್ಬ ಧಣಿ. ಊರಿನ ರಾಜಕೀಯವೆಲ್ಲ ಅವನ ಮುಷ್ಟಿಯಲ್ಲಿತ್ತು. ಜಡ್ಜ್ ಆಗಬೇಕು ಅಂದರೂ ಪಕ್ಷದ ಟಿಕೆಟ್ ಬೇಕು. ಟಿಕೆಟ್ ಕೊಡಿಸಿದವನ ಕಡೆಯವರೇ ಕೋರ್ಟಿಗೆ ಬಂದು ನಿಂತರೆ ಜಡ್ಜ್ ಏನು ಮಾಡಬೇಕು, ನೀವೇ ಹೇಳಿ. 1939ರಲ್ಲಿ ಪೆಂಡರ್ಗಾಸ್ಟ್ ಆದಾಯ ತೆರಿಗೆ ವಂಚನೆಗಾಗಿ ಜೈಲು ಸೇರಿದ. ಮರುವರ್ಷ ನವೆಂಬರಿನಲ್ಲಿ, ಸಹಿ ಸಂಗ್ರಹಿಸಿ ಜನರ ಮುಂದಿಟ್ಟ ಸಂವಿಧಾನ ತಿದ್ದುಪಡಿಯೊಂದನ್ನು ಮಿಸೌರಿಯ ಮತದಾರರು ಗೆಲ್ಲಿಸಿದರು.

ಅದು ತಂದ ಏರ್ಪಾಡು ಹೀಗಿತ್ತು. ವಕೀಲರು, ಸಾಮಾನ್ಯ ನಾಗರಿಕರು, ಒಬ್ಬ ಜಡ್ಜ್ ಸೇರಿದ ಸಮಿತಿ ಮೂರು ಹೆಸರು ಆರಿಸುತ್ತದೆ. ಅದರಲ್ಲಿ ಒಬ್ಬರನ್ನು ಗವರ್ನರ್, ಅಂದರೆ ಜನ ಆರಿಸಿದ ರಾಜ್ಯದ ಮುಖ್ಯಸ್ಥರು, ನೇಮಿಸುತ್ತಾರೆ. ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಮೇಲೆ ಆ ಜಡ್ಜ್ ಹೆಸರು ಮತಪತ್ರದಲ್ಲಿ ಬರುತ್ತದೆ. ಎದುರಾಳಿ ಇಲ್ಲ, ಪಕ್ಷದ ಹೆಸರಿಲ್ಲ. ಇವರು ಮುಂದುವರಿಯಬೇಕೇ? ಹೌದು ಅಥವಾ ಇಲ್ಲ, ಅಷ್ಟೇ. ಆಗ ಇದು ರಾಜ್ಯದ ಮೇಲಿನ ಕೋರ್ಟುಗಳಿಗೆ, ಜೊತೆಗೆ ಸೇಂಟ್ ಲೂಯಿಸ್ ಮತ್ತು ಕಾನ್ಸಾಸ್ ಸಿಟಿಯ ಕೋರ್ಟುಗಳಿಗೆ ಮಾತ್ರ. ಹಳ್ಳಿಗಾಡಿನ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಕಡೆ, ಹಳೇ ಚುನಾವಣೆಯೇ ಉಳಿಯಿತು.

ಶಾಸಕರು ಸುಮ್ಮನಿರಲಿಲ್ಲ. ಇದನ್ನು ರದ್ದು ಮಾಡೋಣವೇ ಅಂತ 1942ರಲ್ಲಿ ಮತ್ತೆ ಜನರನ್ನೇ ಕೇಳಿದರು. ಜನ ಬೇಡ ಅಂದರು. ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ಈ ಎರಡನೇ ಓಟೇ ದೊಡ್ಡದು. ಜೈಲಿಗೆ ಹೋದ ಧಣಿಯ ಮೇಲಿನ ಸಿಟ್ಟಿನಲ್ಲಿ ಒಮ್ಮೆ ಓಟು ಹಾಕುವುದು ಸುಲಭ. ಎರಡು ವರ್ಷ ಬಿಟ್ಟು, ಯುದ್ಧದ ನಡುವೆ, ಅದೇ ಮಾತಿಗೆ ನಿಲ್ಲುವುದು ಬೇರೆ.

ಹಾಗಂತ ರಾಜಕೀಯ ದೂರವಾಯಿತೇ? ಇಲ್ಲ. ಇಂಥದೇ ಹೌದು-ಇಲ್ಲ ಓಟು ಕ್ಯಾಲಿಫೋರ್ನಿಯಾದಲ್ಲಿ 1934ರಿಂದಲೇ ಇತ್ತು. ಅಲ್ಲಿನ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ತಮ್ಮ ಮುಂದೆ ಬಂದ ಒಂದು ಮರಣದಂಡನೆಯನ್ನೂ ಎತ್ತಿಹಿಡಿದಿರಲಿಲ್ಲ. 1986ರಲ್ಲಿ ಅವರ ವಿರುದ್ಧ ಭಾರೀ ಪ್ರಚಾರ ನಡೆಯಿತು. ಬರ್ಡ್ ಮತ್ತು ಇನ್ನಿಬ್ಬರು ನ್ಯಾಯಮೂರ್ತಿಗಳು ಸೋತು ಮನೆಗೆ ಹೋದರು. ಎದುರಾಳಿಯೇ ಇಲ್ಲದ ಓಟಿನಲ್ಲಿ ಗೆದ್ದವರು ಯಾರು ಅಂತೀರಾ? ಖಾಲಿಯಾದ ಆ ಮೂರು ಸ್ಥಾನ ತುಂಬಿದವರು ಗವರ್ನರ್ ಡ್ಯೂಕ್ಮೇಜಿಯನ್. ಬರ್ಡ್ ಅವರನ್ನು ಇಳಿಸಿ ಅಂತ ಪ್ರಚಾರ ಮಾಡಿದ್ದವರಲ್ಲಿ ಅವರೂ ಒಬ್ಬರು.