ಸೋಮವಾರ ರಾತ್ರಿಯ ಗ್ರೂಪು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮದು ಅರಸೀಕೆರೆ ಕಡೆ. ಎಲ್ಲಿ ನೋಡಿದರೂ ತೆಂಗು. ನಾಲ್ಕು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ ಅಂತ ಗೊತ್ತಾಯಿತು. ಆಸ್ಪತ್ರೆಯಲ್ಲಿ ಮಲಗಿದ್ದೆ. ನೋಡಲು ಬಂದವರೆಲ್ಲ ಎಳನೀರು ತಂದರು. ಮೈದುನ ಒಬ್ಬನೇ ಆರು ತಂದ. ಸಂಜೆ ಹೊತ್ತಿಗೆ ಮಂಚದ ಕೆಳಗೆ 14 ಕಾಯಿ ಸಾಲಾಗಿ ಕೂತಿದ್ದವು. ನರ್ಸಮ್ಮ ಬಗ್ಗಿ ನೋಡಿ, "ಇದನ್ನೆಲ್ಲ ಯಾರಮ್ಮ ಕುಡಿಯೋದು?" ಅಂದರು. ನಾನೇ ಅಂದೆ. ಅವರು ಒಂದೂ ಮಾತಾಡದೆ ಅಷ್ಟನ್ನೂ ಹೊರಗೆ ಸಾಗಿಸಿದರು.

ವಿಷಯ ಇಷ್ಟೇ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗದೆ ಉಳಿದುಬಿಡುತ್ತದೆ. ಅದು ಜಾಸ್ತಿಯಾದರೆ ಹೃದಯದ ಬಡಿತ ತಪ್ಪುತ್ತದೆ, ನಿಂತೂ ಹೋಗಬಹುದು. ಎಳನೀರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ. ತಂದವರ ತಪ್ಪಲ್ಲ ಬಿಡಿ. ನಮ್ಮೂರಲ್ಲಿ ಜ್ವರಕ್ಕೂ ಎಳನೀರು, ವಾಂತಿಭೇದಿಗೂ ಎಳನೀರು.

ನಾನು ಬಟ್ಟೆ ಹೊಲಿಯುವವಳು. ಬ್ಲೌಸು, ಚೂಡಿದಾರ್, ಸೀರೆಗೆ ಫಾಲ್ಸು. ಈಗ ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲು ಯಂತ್ರದಿಂದ ರಕ್ತ ಶುದ್ಧ ಮಾಡಿಸಿಕೊಳ್ಳುವುದು. ಒಂದು ಸಲಕ್ಕೆ ನಾಲ್ಕು ಗಂಟೆ. ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಅಂದರೆ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಕೂಡಿಸಿ ಹೊಲಿದಿದ್ದಾರೆ. ಹೊಲಿಗೆಯವಳ ಕೈಗೇ ಹೊಲಿಗೆ! ಬೆರಳಿಟ್ಟರೆ ಒಳಗೆ ಜುಮ್ಮೆನ್ನುತ್ತದೆ, ಮೋಟಾರು ಹಾಕಿದ ಮಿಷನ್ನಿನ ಮೇಲೆ ಕೈ ಇಟ್ಟ ಹಾಗೆ. ಅಲ್ಲಿಗೇ ಎರಡು ದಪ್ಪ ಸೂಜಿ ಚುಚ್ಚುವುದು.

ಯಂತ್ರದೊಳಗೆ ಫಿಲ್ಟರಿನ ಒಂದು ಕಡೆ ನಮ್ಮ ರಕ್ತ, ಇನ್ನೊಂದು ಕಡೆ ಶುದ್ಧ ಮಾಡಿದ ನೀರು ಹರಿಯುತ್ತದೆ. ನಿಮಿಷಕ್ಕೆ ಸುಮಾರು ಅರ್ಧ ಲೀಟರು. ನಾಲ್ಕು ಗಂಟೆಗೆ ಲೆಕ್ಕ ಹಾಕಿ, 120 ಲೀಟರ್. ಅಷ್ಟು ನೀರು ಪಕ್ಕದಲ್ಲಿ ಹರಿದು ಹೋಗುವಾಗ ನಾಲಿಗೆ ಒಣಗಿಸಿಕೊಂಡು ಮಲಗಿರಬೇಕು. ಮೂತ್ರ ಬರುವುದು ನಿಂತಿರುತ್ತದಲ್ಲ, ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ನನಗೆ ಇಡೀ ದಿನಕ್ಕೆ ಮುಕ್ಕಾಲು ಲೀಟರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು, ಎಲ್ಲ ಅದರಲ್ಲೇ.

ಡಾಕ್ಟರು ಇದನ್ನು ಹೇಳಲಿಲ್ಲ ಅಂತಲ್ಲ. ಚೆನ್ನಾಗಿಯೇ ಹೇಳಿದರು. "ನೀರು ಕಮ್ಮಿ ಮಾಡಿ ತಾಯಿ." ಆದರೆ ಹೇಗೆ? ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟಿನ ಮನೆಯಲ್ಲಿ ಕೂತು ಹೊಲಿಯುವವಳು ಹೇಗೆ ಕಮ್ಮಿ ಮಾಡುವುದು? ಹೊರಗೆ 60 ಜನ ಚೀಟಿ ಹಿಡಿದು ಕೂತಿರುವಾಗ ಅವರನ್ನು ಇದನ್ನೆಲ್ಲ ಕೇಳಲು ಬಾಯಿ ಬರಲಿಲ್ಲ.

ಮನೆಯವರನ್ನು ಕೇಳಿದರೆ ಅಳುತ್ತಾರೆ. ಇದು ಇನ್ನೊಂದು ಕಷ್ಟ. "ಕಾಲು ಸೆಳೀತಿದೆ" ಅಂದರೆ ನಮ್ಮ ಯಜಮಾನರ ಮುಖ ಸಣ್ಣಗಾಗುತ್ತದೆ. ಆಮೇಲೆ ನಾನೇ ಅವರಿಗೆ ಸಮಾಧಾನ ಹೇಳಬೇಕು. ಹಾಗಾಗಿ ಹೇಳುವುದನ್ನೇ ಬಿಟ್ಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನು ಹಿಡಿದು ಹುಡುಕತೊಡಗಿದೆ. "ಡಯಾಲಿಸಿಸ್ ಮಾಡಿಸಿದರೆ ಎಷ್ಟು ವರ್ಷ ಬದುಕಬಹುದು?" ಇದೇ ನಾನು ಮೊದಲು ಹುಡುಕಿದ್ದು. ನಮ್ಮ ಪೈಕಿ ಎಲ್ಲರೂ ಮೊದಲು ಹುಡುಕುವುದು ಇದನ್ನೇ ಅಂತ ಆಮೇಲೆ ಗೊತ್ತಾಯಿತು.

ಸಿಕ್ಕಿದ್ದು ಏನು? ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ, ಅದನ್ನು ಇಳಿಸುವ ಕಷಾಯ. 21 ದಿನದಲ್ಲಿ ಡಯಾಲಿಸಿಸ್ ಬಿಡಿಸುವ ಪುಡಿ. ಕ್ಯಾನ್ಸರು, ಸಕ್ಕರೆ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅಂತ 1954ರಲ್ಲೇ ಕಾಯ್ದೆ ಆಗಿದೆ. ಕಿಡ್ನಿ ಕಾಯಿಲೆಯೂ ಬ್ರೈಟ್ಸ್ ಕಾಯಿಲೆ ಅನ್ನುವ ಹಳೇ ಹೆಸರಲ್ಲಿ ಆ ಪಟ್ಟಿಯಲ್ಲಿದೆ. ಕಾಯ್ದೆ ಅದರ ಪಾಡಿಗೆ ಅದಿದೆ, ವಿಡಿಯೋ ಇದರ ಪಾಡಿಗೆ ಇದೆ. ನಾನೂ ಒಂದು ಪುಡಿ ತರಿಸಿದೆ, ಸುಳ್ಳು ಯಾಕೆ ಹೇಳಲಿ. 2,400 ರೂಪಾಯಿ. ಎರಡು ದಿನ ತಿಂದೆ, ಮೂರನೇ ದಿನ ಹೆದರಿ ಡಬ್ಬಿಯನ್ನು ಮೇಲೆತ್ತಿಟ್ಟೆ.

ನಮ್ಮ ಅಣ್ಣನ ಮಗಳು ಓದಿದವಳು. ಅವಳು ಎಲ್ಲಿಂದಲೋ ವಿಚಾರಿಸಿ ನನ್ನನ್ನು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದಳು. ಕನ್ನಡದವರದ್ದೇ ಗ್ರೂಪು. ಸುಮಾರು 140 ಜನ, ಎಲ್ಲರೂ ಡಯಾಲಿಸಿಸ್‌ನವರು, ಇಲ್ಲಾ ಕಿಡ್ನಿ ಹಾಕಿಸಿಕೊಂಡವರು. ಮೊದಲ ದಿನ ಯಾರೂ ನನಗೆ ಧೈರ್ಯ ಹೇಳಲಿಲ್ಲ. "ವಾರಕ್ಕೆ ಎಷ್ಟು? ಫಿಸ್ಟುಲಾ ಯಾವ ಕೈ? ತೂಕ ಎಷ್ಟು ಬರುತ್ತೆ?" ಅಂತ ಕೇಳಿದರು. ಊರಲ್ಲಿ ಯಾರ ಮನೆಯವಳು ಅಂತ ಕೇಳುತ್ತಾರಲ್ಲ, ಹಾಗೆ. ನನಗೆ ಅದೇ ಹಿತವಾಗಿತ್ತು.

ನೀರಿನ ಪ್ರಶ್ನೆ ಹಾಕಿದೆ. ಅರ್ಧ ಗಂಟೆಯಲ್ಲಿ 20 ಉತ್ತರ. ಬೆಳಿಗ್ಗೆಯೇ ಬಾಟ್ಲಿಗೆ ಅಳೆದು ತುಂಬಿಸಿಡಿ, ಕಾಫಿ ಕುಡಿದರೆ ಅಷ್ಟು ನೀರು ಬಾಟ್ಲಿಯಿಂದ ಚೆಲ್ಲಿ. ದೊಡ್ಡ ಲೋಟ ಬಿಟ್ಟು ಪುಟ್ಟ ಲೋಟ ಹಿಡಿಯಿರಿ. ಐಸ್ ತುಂಡು ಬಾಯಲ್ಲಿಟ್ಟುಕೊಳ್ಳಿ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಬಾಯಿ ಮುಕ್ಕಳಿಸಿ ಉಗಿಯಿರಿ. ಕೊನೆಗೆ ಒಬ್ಬರು ಮೇಷ್ಟ್ರು, ಶಿರಸಿ ಕಡೆಯವರು, ನಿಧಾನ ದನಿಯಲ್ಲಿ ಹೇಳಿದರು: "ತಂಗಿ, ಬರೀ ನೀರನ್ನು ಕಮ್ಮಿ ಮಾಡೋಕೆ ಹೋಗಬೇಡಿ. ಉಪ್ಪು ಕಮ್ಮಿ ಮಾಡಿ. ಉಪ್ಪು ನಿಂತರೆ ಬಾಯಾರಿಕೆ ತಾನಾಗಿ ಇಳಿಯುತ್ತೆ. ಹಪ್ಪಳ, ಉಪ್ಪಿನಕಾಯಿ ಮೊದಲು ಬಿಡಿ." ಆ ತಿಂಗಳು ಎರಡು ಡಯಾಲಿಸಿಸ್ ನಡುವೆ ಮೂರೂವರೆ ಕೆ.ಜಿ. ಏರುತ್ತಿದ್ದ ತೂಕ ಎರಡಕ್ಕೆ ಬಂತು. ಡಾಕ್ಟರು ಫೈಲು ನೋಡಿ ಹುಬ್ಬೇರಿಸಿದರು.

ಅಡುಗೆ ವಿಷಯಕ್ಕೆ ಬಂದರೆ ಗ್ರೂಪಿನಲ್ಲಿ ನಗುವೇ ನಗು. ಸೊಪ್ಪು, ತರಕಾರಿಯಲ್ಲೂ ಪೊಟ್ಯಾಸಿಯಂ ಇದೆ. ಸಣ್ಣಗೆ ಹೆಚ್ಚಿ ನೆನೆಸಬೇಕು, ಆ ನೀರು ಚೆಲ್ಲಬೇಕು, ಬೇರೆ ನೀರಲ್ಲಿ ಬೇಯಿಸಿ ಅದನ್ನೂ ಬಸಿಯಬೇಕು. ಆದರೆ ನಮ್ಮ ಕಡೆ ಬಸಿದ ನೀರೇ ಅಲ್ವಾ ಬಸ್ಸಾರು! ಅದರ ಸಾರವೆಲ್ಲ ಆ ನೀರಲ್ಲೇ ಇರುವುದು. ಮಂಡ್ಯದ ಒಬ್ಬಾಕೆ ಬರೆದರು: "ನಮ್ಮನೇಲಿ ಬಸ್ಸಾರು ಅವರಿಗೆ, ಪಲ್ಯ ನಂಗೆ. ಮದುವೆಯಾದ ಮೇಲೆ ಮೊದಲ್ನೇ ಸಲ ಗಟ್ಟಿ ಭಾಗ ನಂಗೆ ಸಿಕ್ತಿರೋದು."

ಬರೆದರು ಅಂದೆ. ನಿಜವಾಗಿ ಬರೆಯುವವರು ಕಮ್ಮಿ. ಒಂದು ಕೈಯಲ್ಲಿ ಸೂಜಿ ಇರುವಾಗ ಇನ್ನೊಂದು ಕೈಯ ಹೆಬ್ಬೆರಳಲ್ಲಿ ಎಷ್ಟು ಅಂತ ಒತ್ತುವುದು? ಎಲ್ಲರೂ ಮಾತಾಡಿ ಕಳಿಸುತ್ತಾರೆ. ಮಾತಿನ ಹಿಂದೆ ಯಂತ್ರ ಪೀ ಪೀ ಅನ್ನುವುದು ಕೇಳುತ್ತದೆ. ಬೀದರ್‌ನ ಯಂತ್ರವೂ ಅದೇ ರಾಗ, ಮಡಿಕೇರಿಯ ಯಂತ್ರವೂ ಅದೇ ರಾಗ.

ಒಂದು ಸಲ ಉಡುಪಿ ಕಡೆಯ ಹೆಂಗಸೊಬ್ಬರು ಹಿತ್ತಲ ದಾರೆಹುಳಿ ಹಣ್ಣಿನ ಫೋಟೋ ಹಾಕಿದರು. ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತದಲ್ಲ, ಅದು. "ಅಮ್ಮ ಗೊಜ್ಜು ಮಾಡ್ತಾರೆ, ಸ್ವಲ್ಪ ತಿನ್ನಬಹುದಾ?" ಎರಡೇ ನಿಮಿಷ, ಮೇಷ್ಟ್ರ ಕಿರುಚು ದನಿ. ಅವರು ಹಾಗೆ ಕೂಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಆ ಹಣ್ಣಿನಲ್ಲಿ ನರಕ್ಕೆ ಬಡಿಯುವ ವಿಷದ ಅಂಶವಿದೆ. ಒಳ್ಳೆಯ ಕಿಡ್ನಿ ಅದನ್ನು ಹೊರಹಾಕುತ್ತದೆ, ನಮ್ಮದು ಹಾಕುವುದಿಲ್ಲ. ಮೊದಲು ಬಿಡದೆ ಬಿಕ್ಕಳಿಕೆ, ಆಮೇಲೆ ಬುದ್ಧಿ ಗಲಿಬಿಲಿ, ಫಿಟ್ಸು, ಜೀವವೇ ಹೋಗಬಹುದು. ಮಾರನೇ ದಿನ ನಾನು ನಮ್ಮ ಡಾಕ್ಟರನ್ನು ಕೇಳಿದೆ. "ಮುಟ್ಟಲೇಬೇಡಿ" ಅಂದರು. ನನಗೆ ಕೊಟ್ಟಿದ್ದ ಊಟದ ಚೀಟಿಯಲ್ಲಿ ಅದರ ಹೆಸರಿರಲಿಲ್ಲ. ನಮ್ಮ ಕಡೆ ಆ ಮರವೇ ಅಪರೂಪ, ಬರೆಯುವುದು ಯಾರಿಗೆ ನೆನಪಾಗಬೇಕು?

ಹಾಗಂತ ಗ್ರೂಪು ಹೇಳಿದ್ದೆಲ್ಲ ವೇದವಲ್ಲ. ಅಲ್ಲೂ ಮದ್ದು ಮಾರುವವರು ನುಗ್ಗುತ್ತಾರೆ. ಕಿಡ್ನಿ ಕೊಡಿಸುತ್ತೇನೆ, ನೋಂದಣಿಗೆ ಇಷ್ಟು ಕಟ್ಟಿ ಅಂತ ಒಬ್ಬ ಬಂದಿದ್ದ. ಇಬ್ಬರು ದುಡ್ಡು ಕಟ್ಟಿಯೂ ಬಿಟ್ಟಿದ್ದರು. ಕಿಡ್ನಿ ಮಾರುವುದು, ಕೊಳ್ಳುವುದು ಎರಡೂ ಅಪರಾಧ ಅಂತ 1994ರ ಕಾನೂನಿದೆ. ತೀರಿಕೊಂಡವರ ಕಿಡ್ನಿಗೆ ಕಾಯಬೇಕಾದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ಹೆಸರು ಬರೆಸಬೇಕು. ನಮ್ಮ ರಾಜ್ಯದಲ್ಲಿ ಅದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸರ್ಕಾರಿ ಸಂಸ್ಥೆ. ನನ್ನ ಹೆಸರೂ ಅಲ್ಲಿದೆ. ಯಜಮಾನರು ಕೊಡಲು ಮುಂದೆ ಬಂದರು, ಅವರಿಗೆ ಸಕ್ಕರೆ ಕಾಯಿಲೆ, ಆಗಲಿಲ್ಲ. ಇದು ಅಡ್ಡಮಾತು, ಆದರೂ ಹೇಳಿಬಿಡುತ್ತೇನೆ: ನಮ್ಮ ಗ್ರೂಪಿನ ಗಂಡಸರಿಗೆ ಕಿಡ್ನಿ ಕೊಟ್ಟವರು ಹೆಂಡತಿ, ತಾಯಿ, ಅಕ್ಕ. ಹೆಂಡತಿಗೆ ಕೊಟ್ಟ ಗಂಡ ಒಬ್ಬರೇ ಇದ್ದಾರೆ. ಇಡೀ ದೇಶದಲ್ಲೂ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿಯಂತೆ.

ಈ ಮಾತಿಗೆ ತಯಾರಾಗುವಾಗ ಅಣ್ಣನ ಮಗಳು ಒಂದು ಕಥೆ ಹೇಳಿದಳು. ಅಮೆರಿಕದಲ್ಲಿ ಸ್ಟೀಫನ್ ಹೇವುಡ್ ಅಂತ ಒಬ್ಬ. 1998ರಲ್ಲಿ, ಇನ್ನೂ 29ನೇ ವಯಸ್ಸಿಗೆ, ಎ.ಎಲ್.ಎಸ್. ಬಂತು. ನರ ಸೊರಗಿ ಸ್ನಾಯುಗಳೆಲ್ಲ ನಿಂತುಹೋಗುವ ಕಾಯಿಲೆ. ಅವನ ಅಣ್ಣತಮ್ಮಂದಿರು 2004ರಲ್ಲಿ ಪೇಷಂಟ್ಸ್‌ಲೈಕ್‌ಮಿ ಅನ್ನುವ ತಾಣ ಶುರುಮಾಡಿದರು, ಕಾಯಿಲೆಯವರು ತಮ್ಮ ತಮ್ಮ ಲೆಕ್ಕ ಬರೆದಿಡಲಿ ಅಂತ. 2008ರಲ್ಲಿ ಇಟಲಿಯ ಡಾಕ್ಟರುಗಳು ಲಿಥಿಯಂ ಮಾತ್ರೆಯಿಂದ ಆ ಕಾಯಿಲೆ ನಿಧಾನವಾಗುತ್ತದೆ ಅಂದರು. ತಾಣದಲ್ಲಿದ್ದ ಎಷ್ಟೋ ಜನ ತಾವಾಗಿಯೇ ತಗೊಳ್ಳಲು ಶುರುಮಾಡಿದರು. ಆದರೆ ಪ್ರತಿಯೊಂದನ್ನೂ ಬರೆದಿಟ್ಟರು. 149 ಜನರ ಲೆಕ್ಕವನ್ನು ಮಾತ್ರೆ ತಗೊಳ್ಳದವರ ಜೊತೆ ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಮಾತ್ರೆಯಿಂದ ಏನೂ ಉಪಯೋಗವಿರಲಿಲ್ಲ. ತಮ್ಮ ಆಸೆ ಸುಳ್ಳು ಅಂತ ತಾವೇ ಬರೆದು ತೋರಿಸಿದ ಜನ ಅವರು. ಇದನ್ನು ಕೇಳಿದ ಮೇಲೆ ನಾನು ಆ ಪುಡಿಯ ಡಬ್ಬಿ, 2,400 ರೂಪಾಯಿ, ಎರಡು ದಿನ, ಎಲ್ಲವನ್ನೂ ಗ್ರೂಪಿನಲ್ಲಿ ಹೇಳಿದೆ. ಒಂಬತ್ತು ಜನ "ನಾನೂ" ಅಂದರು.

ನಮ್ಮ ಗ್ರೂಪಿಗೆ ಸೋಮವಾರ ರಾತ್ರಿ ನಿದ್ದೆ ಇಲ್ಲ. ಮಂಗಳ, ಗುರು, ಶನಿಯವರಿಗೆ ಶನಿವಾರದಿಂದ ಮಂಗಳವಾರದವರೆಗೆ ಜಾಸ್ತಿ ಅಂತರ. ನೀರು ಸೇರಿ ಮೈ ಭಾರ, ಮಲಗಿದರೆ ಉಸಿರು ಕಟ್ಟುತ್ತದೆ, ಮೈಯೆಲ್ಲ ತುರಿಕೆ. ಎರಡು ಗಂಟೆಗೆ "ಯಾರಾದ್ರೂ ಎದ್ದಿದ್ದೀರಾ?" ಅಂದರೆ ಸಾಕು, ನಾಲ್ಕು ಜನ "ಹೂಂ" ಅನ್ನುತ್ತಾರೆ. ಉಸಿರು ಜೋರಾಗಿ ಕಟ್ಟುತ್ತಿದ್ದರೆ ಹರಟೆ ಬಂದ್. "108ಕ್ಕೆ ಫೋನ್ ಮಾಡಿ, ಈಗಲೇ ಹೊರಡಿ, ತಲುಪಿದ ಮೇಲೆ ಹೇಳಿ" ಅನ್ನುತ್ತಾರೆ.

ರಾಯಚೂರು ಕಡೆಯ ಒಬ್ಬ ಹುಡುಗ ಇದ್ದ. 24 ವರ್ಷ. ಕ್ರಿಕೆಟ್ ಇದ್ದ ದಿನ ಓವರ್ ಓವರ್‌ಗೂ ಸ್ಕೋರು ಹೇಳುತ್ತಿದ್ದ, ಯಾರು ಕೇಳಲಿ ಬಿಡಲಿ. ಒಂದು ಸೋಮವಾರ ರಾತ್ರಿ ನಾನೇ ಅವನ ಜೊತೆ ಮಾತಾಡಿದ್ದೆ. ಆಮೇಲೆ ಮೂರು ದಿನ ಅವನ ದನಿ ಇಲ್ಲ. ಲಾಸ್ಟ್ ಸೀನ್ ಅಂತ ತೋರಿಸುತ್ತದಲ್ಲ, ಅದು ಮಂಗಳವಾರ ಬೆಳಿಗ್ಗೆ 5.10ಕ್ಕೆ ನಿಂತಿತ್ತು. ಶುಕ್ರವಾರ ಅವನದೇ ನಂಬರಿನಿಂದ ಮೆಸೇಜು ಬಂತು. ಎಲ್ಲರೂ ಖುಷಿಯಲ್ಲಿ ತೆರೆದೆವು. ಬರೆದಿದ್ದವಳು ಅವನ ಅಕ್ಕ.

ಮಾರನೇ ದಿನ ಶನಿವಾರ. ನನ್ನ ಸರದಿ. ಸೂಜಿ ಚುಚ್ಚಿಸಿಕೊಂಡು ಮಲಗಿದೆ, ಫೋನು ಮುಟ್ಟಲಿಲ್ಲ. ಸಂಜೆ ಗ್ರೂಪಿನಿಂದ ಹೊರಗೆ ಬಂದುಬಿಟ್ಟೆ. ಪರಿಚಯವೇ ಇಲ್ಲದಿದ್ದರೆ ಈ ಸಂಕಟವೂ ಇರುತ್ತಿರಲಿಲ್ಲ ಅನ್ನಿಸಿತು. ನನ್ನ ಕಾಯಿಲೆಯ ಜೊತೆ 140 ಜನರ ಕಾಯಿಲೆಯನ್ನೂ ಯಾಕೆ ಹೊತ್ತುಕೊಳ್ಳಬೇಕು? ಆ ಮಾತು ಸುಳ್ಳು ಅಂತ ಈಗಲೂ ನಾನು ಹೇಳುವುದಿಲ್ಲ. ಬಿಟ್ಟು ಹೋದವರು ಬಹಳ ಜನ ಇದ್ದಾರೆ, ಅವರದ್ದೂ ಸರಿಯೇ.

ನಾನು 12 ದಿನಕ್ಕೆ ವಾಪಸ್ ಹೋದೆ. ದೊಡ್ಡ ಕಾರಣವೇನೂ ಇಲ್ಲ. ಫಿಸ್ಟುಲಾ ಕೈಗೆ ಬಿಗಿ ತೋಳು ಹಾಕಬಾರದು. ಅಗಲ ತೋಳಿನ ಬ್ಲೌಸ್ ಹಾಕಿದರೆ ಮೇಲಕ್ಕೆ ಸುತ್ತಿದಷ್ಟೂ ಜಾರುತ್ತದೆ, ರಕ್ತದ ಕಲೆ ಬೇರೆ. ನೈಟಿ ಹಾಕಿಕೊಂಡು ಬಸ್ಸಲ್ಲಿ ಹೋಗಲು ನನಗೆ ಮನಸ್ಸಿಲ್ಲ. ಒಂದು ಮಧ್ಯಾಹ್ನ ಎಡತೋಳಿನ ಹೊಲಿಗೆ ಪೂರ್ತಿ ಬಿಚ್ಚಿ, ಅಂಚಿಗೆ ಪಟ್ಟಿ ಕೊಟ್ಟು, ಐದು ಟಿಚ್ ಬಟನ್ ಹಾಕಿದೆ. ಬಸ್ಸಲ್ಲಿ ಮುಚ್ಚಿದರೆ ಮಾಮೂಲಿ ಬ್ಲೌಸು. ಯಂತ್ರದ ಹತ್ತಿರ ಟಕ ಟಕ ಬಿಚ್ಚಿದರೆ ತೋಳು ಪೂರ್ತಿ ಹೊರಗೆ. ಅದನ್ನು ತೋರಿಸಬೇಕು ಅನ್ನಿಸಿತು. ಯಾರಿಗೆ ತೋರಿಸಲಿ? ಮೇಷ್ಟ್ರಿಗೆ ಫೋನ್ ಮಾಡಿ, "ಸರ್, ನನ್ನನ್ನ ಮತ್ತೆ ಸೇರಿಸ್ತೀರಾ?" ಅಂದೆ.

ಆ ಫೋಟೋಗೆ ಬಂದಷ್ಟು ಉತ್ತರ ಇನ್ಯಾವುದಕ್ಕೂ ಬಂದಿರಲಿಲ್ಲ. ಈವರೆಗೆ 31 ಬ್ಲೌಸು, ಗಂಡಸರ ನಾಲ್ಕು ಶರ್ಟು ಹೊಲಿದು ಪಾರ್ಸೆಲ್ ಮಾಡಿದ್ದೇನೆ. ಬಟ್ಟೆಯ ದುಡ್ಡು, ಅಂಚೆಯ ದುಡ್ಡು ತಗೊಳ್ಳುತ್ತೇನೆ, ಕೂಲಿಯೂ ತಗೊಳ್ಳುತ್ತೇನೆ. ಬಿಟ್ಟಿ ಮಾಡಿದರೆ ಅವರೇ ಒಪ್ಪುವುದಿಲ್ಲ.

ಮೊನ್ನೆ ಕಲಬುರಗಿ ಕಡೆಯ ಒಬ್ಬರು ದನಿ ಕಳಿಸಿದ್ದರು. ಹಿಂದೆ ಯಂತ್ರದ ಪೀ ಪೀ. "ಅಕ್ಕಾರ, ನಂದು ಎಡಗೈ ಅಲ್ರೀ. ಎಡದ್ದು ಎರಡ್ ಸಲ ಮಾಡಿದ್ರು, ಬಂದ್ ಆತು. ಈಗ ಬಲಗೈ ಐತಿ. ಗುಂಡಿ ಬಲಕ್ಕ ಹಚ್ರಿ. ಬಣ್ಣ ಮಾತ್ರ ಗಾಢ ಇರಲ್ರೀ, ಕಲಿ ಕಾಣಬಾರ್ದು."

ಮೆರೂನ್ ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ. ಇವತ್ತು ಸೋಮವಾರ. ರಾತ್ರಿ ಹೇಗೂ ನಿದ್ದೆ ಬರುವುದಿಲ್ಲ, ಬಟನ್ ಹಾಕಿ ಮುಗಿಸುತ್ತೇನೆ.

ನಮಸ್ಕಾರ.