ಒಳಗೆಂಬುದೇ ಇಲ್ಲದ ಮನೆ

ಈ ಬಾಗಿಲನ್ನು ನೋಡಿ. ಇಟ್ಟಿಗೆಯ ಎರಡು ಕಂಬ, ಮೇಲೊಂದು ಪುಟ್ಟ ಮಾಡು. ಎದುರೆದುರು ಇಬ್ಬರು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು, ಅಷ್ಟು ಕಿರಿದು. ಮೆಟ್ಟಿಲುಗಳ ನಡುವೆ ಸ್ಕೂಟರ್ ಹತ್ತಿಸುವುದಕ್ಕೆಂದು ಗೇಣಗಲದ ಸಿಮೆಂಟಿನ ಇಳಿಜಾರು. ಬಾಲಿಯವರು ಇದನ್ನು ಅಂಕುಲ್-ಅಂಕುಲ್ ಎನ್ನುತ್ತಾರೆ. ಉಬುದ್ ಹೊರವಲಯದ ಹಳ್ಳಿಯೊಂದರಲ್ಲಿ ನಾನು ಐದು ದಿನ ತಂಗಿದ್ದ ಮನೆಯ ಬಾಗಿಲಿದು. ಮೊದಲ ದಿನ ಬಾಡಿಗೆ ಸ್ಕೂಟರಿನಲ್ಲಿ ಗತ್ತಿನಿಂದ ಒಳಗೆ ಬಂದವಳು ಎದುರಿನ ಗೋಡೆಗೆ ಗುದ್ದುವುದೊಂದು ಬಾಕಿ.

ಆ ಗೋಡೆ ಬೇಕೆಂದೇ ಕಟ್ಟಿದ್ದು. ಹೆಸರು ಆಲಿಂಗ್-ಆಲಿಂಗ್. ಕೆಟ್ಟ ಶಕ್ತಿಗಳು ನೇರವಾಗಿ ಮಾತ್ರ ನುಗ್ಗಬಲ್ಲವು, ತಿರುಗುವುದು ಅವಕ್ಕೆ ಬಾರದು ಎಂಬ ನಂಬಿಕೆ. ಬೀದಿಯವರ ಕಣ್ಣು ಅಂಗಳಕ್ಕೆ ಬೀಳುವುದೂ ತಪ್ಪಿತು. ನಾನು ಹೇಗೋ ಎಡಕ್ಕೆ ತಿರುಗಿಸಿಕೊಂಡು, ಎದುರಿನ ಕಟ್ಟಡದ ಬಾಗಿಲ ಪಕ್ಕ ನೆರಳು ಕಂಡಲ್ಲಿ ಸ್ಕೂಟರ್ ನಿಲ್ಲಿಸಿದೆ. ಮನೆಯೊಡತಿ ನಗುತ್ತಾ ಬಂದರು. ಅವರನ್ನು ಎಲ್ಲರೂ ಇಬು ಎನ್ನುತ್ತಾರೆ. ಇಬು ಎಂದರೆ ಅಮ್ಮ.

ಆಮೇಲೆ ನಾನು ಮನೆ ಹುಡುಕತೊಡಗಿದೆ. ನಗಬೇಡಿ. ಇಲ್ಲಿ ಕಾಣುತ್ತಿರುವುದು ಖಾಲಿ ಅಂಗಳ, ನತಾಹ್. ಸುತ್ತ ಬಿಡಿಬಿಡಿಯಾಗಿ ನಾಲ್ಕೈದು ಕಟ್ಟಡ. ನಮ್ಮ ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆಯಲ್ಲೂ ನಡುವೆ ಅಂಗಳವಿದೆ ನಿಜ, ಆದರೆ ಸುತ್ತಲಿನ ಮಾಡು ಒಂದಕ್ಕೊಂದು ಕೂಡಿಕೊಂಡಿರುತ್ತದೆ. ಎಂಥ ಮಳೆಯಲ್ಲೂ ಒದ್ದೆಯಾಗದೆ ಓಡಾಡಬಹುದು. ಇಲ್ಲಿ ಮಲಗುವುದು ಉತ್ತರದ ಬಾಲೆ ದಜಾದಲ್ಲಿ, ಅಡುಗೆ ದಕ್ಷಿಣದ ಪಾವೊನ್‌ನಲ್ಲಿ, ಅತಿಥಿಗಳು ಪಶ್ಚಿಮದ ಬಾಲೆ ದೌಹ್‌ನಲ್ಲಿ, ದೇವರು ಈಶಾನ್ಯದ ಸಂಗಾಹ್‌ನಲ್ಲಿ. ಮಳೆ ಬಂದರೆ ಊಟಕ್ಕೂ ಕೊಡೆ ಬೇಕು. ಒಳಗೆ ಎಂಬುದನ್ನು ಹುಡುಕುತ್ತಾ ಹೋದ ನಾನು ಎಲ್ಲಿ ಹೋದರೂ ಮತ್ತೆ ಅಂಗಳಕ್ಕೇ ಬಂದು ನಿಲ್ಲುತ್ತಿದ್ದೆ. ಬೆಂಗಳೂರಿನ ಹೊರವಲಯದಲ್ಲಿ ಈಜುಕೊಳ, ಬುದ್ಧನ ತಲೆ ಇಟ್ಟು ಬಾಲಿ ಶೈಲಿ ಎಂದು ಮಾರುವ ವಿಲ್ಲಾಗಳಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಪೂರ್ವದ ಈ ಕಟ್ಟಡ ಬಾಲೆ ದಂಗಿನ್. ಗೋಡೆ ಅರ್ಧಂಬರ್ಧ, ಉಳಿದದ್ದೆಲ್ಲ ಕಂಬ. ಮಾಡು ಹೊದಿಸಿದ ಎತ್ತರದ ಜಗಲಿ ಎನ್ನಿ. ಮದುವೆ ಇಲ್ಲೇ, ಸತ್ತವರನ್ನು ಮಲಗಿಸುವುದೂ ಇಲ್ಲೇ. ಹಲ್ಲು ಉಜ್ಜುವ ಶಾಸ್ತ್ರವೂ ಇಲ್ಲೇ. ದಿನಾ ಬೆಳಗಿನ ಉಜ್ಜುವಿಕೆಯಲ್ಲ. ಪ್ರಾಯಕ್ಕೆ ಬಂದವರ ಮೇಲ್ಸಾಲಿನ ಆರು ಹಲ್ಲುಗಳನ್ನು ಅರದಿಂದ ತುಸು ಉಜ್ಜಿ ಸಮ ಮಾಡುತ್ತಾರೆ. ಆರೇ ಏಕೆ ಎಂದು ಕೇಳಿದೆ. ಇಬು ಬೆರಳು ಮಡಚುತ್ತಾ ಎಣಿಸಿದರು: ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ. ಐದು ದಿನಗಳಲ್ಲಿ ಅವರ ಮಾತು ನನಗೆ ಅನುವಾದವಿಲ್ಲದೆ ತಿಳಿದದ್ದು ಅದೊಂದೇ ಸಲ. ಉಳಿದದ್ದಕ್ಕೆಲ್ಲ ಇಂಗ್ಲಿಷ್ ಬಲ್ಲ ಸೊಸೆಯೇ ಗತಿ.

ಇನ್ನು ಅಳತೆ. ಮನೆ ಕಟ್ಟುವ ಶಾಸ್ತ್ರಕ್ಕೆ ಇಲ್ಲಿ ಅಸ್ತ ಕೋಸಲ ಕೋಸಲಿ ಎಂದು ಹೆಸರು, ಅದನ್ನು ಬಲ್ಲ ಮೇಸ್ತ್ರಿಗೆ ಉಂಡಗಿ. ಅವನು ಮೊದಲು ಅಳೆಯುವುದು ಜಾಗವನ್ನಲ್ಲ, ಯಜಮಾನನನ್ನು. ಚಾಚಿದ ಎರಡು ತೋಳುಗಳ ನಡುವಿನದು ದೆಪ, ಮೊಣಕೈಯಿಂದ ಬೆರಳ ತುದಿಯವರೆಗೆ ಅಸ್ತ, ಹಿಡಿದ ಮುಷ್ಟಿ ಮುಸ್ತಿ. ನಮ್ಮ ಮಾರು, ಮೊಳ, ಹಿಡಿ! ವ್ಯತ್ಯಾಸವಿಷ್ಟೆ: ಮಲ್ಲಿಗೆ ಕೊಳ್ಳುವಾಗ ಮೊಳ ಹೂವಾಡಗಿತ್ತಿಯ ಕೈಯದು, ನಮಗೆ ಸದಾ ಗಿಡ್ಡವೇ. ಇಲ್ಲಿ ಮೊಳ ಆ ಮನೆಯಲ್ಲಿ ಬಾಳುವವನದು. ಕಟ್ಟಡಗಳ ನಡುವಿನ ಅಂತರವನ್ನು ಅವನ ಪಾದದಿಂದ ಅಳೆಯುತ್ತಾರೆ: ಶ್ರೀ, ಇಂದ್ರ, ಗುರು, ಯಮ ಎಂದು ಎಂಟು ಹೆಸರುಗಳ ಸರಣಿ ಹೇಳುತ್ತಾ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಬೇಕು. ಯಾವ ಹೆಸರಿಗೆ ನಿಂತಿತು ಎಂಬುದರ ಮೇಲೆ ಶುಭಾಶುಭ. ನಮ್ಮಲ್ಲಿ ಮನೆಯ ಅಳತೆಯನ್ನು ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಧ್ವಜಾಯ, ಸಿಂಹಾಯ ಎಂದು ಆಯ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಬಕ್ಕೂ ಒಂದು ನಿಯಮವಿದೆ. ಮರದ ಬುಡದ ಕಡೆ ಬುಡಕ್ಕೇ ಬರಬೇಕು, ತಲೆಕೆಳಗಾಗಿ ನಿಲ್ಲಿಸುವಂತಿಲ್ಲ.

ಎರಡನೆಯ ರಾತ್ರಿ ಅಮ್ಮ ವಿಡಿಯೊ ಕರೆ ಮಾಡಿದಳು. ಕೋಣೆಯನ್ನೆಲ್ಲ ತೋರಿಸು ಎಂದು ತೋರಿಸಿಕೊಂಡು, ಕೊನೆಗೆ, "ಅಲ್ಲವೇ, ಉತ್ತರಕ್ಕೆ ತಲೆ ಹಾಕಿ ಮಲಗುತ್ತೀಯೇನೇ?" ಎಂದಳು. ಅವಳು ಹೇಳಿದ್ದು ಸರಿ, ದಿಂಬು ಇದ್ದದ್ದು ಉತ್ತರಕ್ಕೇ. ಆದರೆ ಬಾಲಿಯವರ ಲೆಕ್ಕದಲ್ಲಿ ಅದು ಉತ್ತರವಲ್ಲ, ಕಾಜಾ, ಅಂದರೆ ಬೆಟ್ಟದ ಕಡೆ. ಕಡಲ ಕಡೆಗೆ ಕೆಲೊಡ್. ದೇವತೆಗಳಿರುವ ಅಗುಂಗ್ ಪರ್ವತದ ಕಡೆಗೆ ತಲೆ, ಕಡಲ ಕಡೆಗೆ ಕಾಲು. ಬೆಟ್ಟ ದಾಟಿ ಉತ್ತರ ಕರಾವಳಿಯ ಸಿಂಗರಾಜಕ್ಕೆ ಹೋದರೆ ಬೆಟ್ಟ ದಕ್ಷಿಣಕ್ಕೆ ಬರುವುದರಿಂದ ಕಾಜಾ ಕೂಡ ದಕ್ಷಿಣಕ್ಕೆ ತಿರುಗುತ್ತದೆ. ಇಷ್ಟನ್ನು ವಿವರಿಸಿದ ಮೇಲೆ ಅಮ್ಮ ಹೇಳಿದ್ದು: "ಹಾಗಾದರೆ ಸಿಂಗರಾಜದಲ್ಲೇ ರೂಮು ಮಾಡಬೇಕಿತ್ತು."

ಬೆಳಗಿನ ಆರು ಗಂಟೆ. ಇಬು ಅಂಗೈಯಗಲದ ಎಳೆ ಗರಿಯ ತಟ್ಟೆಗಳನ್ನು ಜೋಡಿಸುತ್ತಿದ್ದಾರೆ. ಇದು ಚನಾಂಗ್ ಸರಿ. ಪೂರ್ವಕ್ಕೆ ಬಿಳಿ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ಕಪ್ಪು ಇರಬೇಕು. ಕಪ್ಪು ಹೂ ಎಲ್ಲಿಂದ ತರುವುದು, ನೀಲಿಯೋ ಹಸಿರೋ ನಡೆಯುತ್ತದೆ. ಎಲ್ಲರೂ ಫೋಟೊ ತೆಗೆಯುವುದು ಹೂವನ್ನು. ನೀವು ಹೂ ಸರಿಸಿ ಕೆಳಗೆ ನೋಡಿ: ಗರಿಯ ತುಂಡಿನಲ್ಲಿ ಮಡಿಸಿಟ್ಟ ವೀಳ್ಯದೆಲೆ, ಸುಣ್ಣ, ಅಡಕೆ. ಇದಿಲ್ಲದಿದ್ದರೆ ಅರ್ಪಣೆಯೇ ಅಲ್ಲವಂತೆ. ಅಡಕೆ ತೋಟದವರ ಮಗಳಾದ ನನಗೆ ಅದನ್ನು ಕಂಡು ಊರವರು ಸಿಕ್ಕಿದಷ್ಟು ಖುಷಿಯಾಯಿತು. ಹೊಸಿಲ ಬಳಿ ಇಟ್ಟಿದ್ದನ್ನು ಅದೇ ಖುಷಿಯಲ್ಲಿ ತುಳಿದೂಬಿಟ್ಟೆ. ಊದುಬತ್ತಿ ಉರಿದು ಮುಗಿದಿದೆ, ಇನ್ನು ಪರವಾಗಿಲ್ಲ ಎಂದರು ಇಬು. ಅಷ್ಟರಲ್ಲಿ ಕೋಳಿ ಬಂದು ಉಳಿದದ್ದನ್ನು ಹೆಕ್ಕಿತು.

ಅಡುಗೆ ದಿನಕ್ಕೆ ಒಂದೇ ಸಲ. ಮಾಡಿ ಮುಚ್ಚಿಟ್ಟರೆ ಹಸಿದವರು ಹಸಿದಾಗ ಬಂದು ಬಡಿಸಿಕೊಂಡು ಉಣ್ಣುತ್ತಾರೆ. ಪಂಕ್ತಿಯಿಲ್ಲ, ಇನ್ನೊಂದು ಸೌಟು ಎಂಬ ಒತ್ತಾಯವಿಲ್ಲ. ನನಗೆ ಅದೊಂದು ಹಿಡಿಸಲಿಲ್ಲ. ಆದರೆ ಯಾರೂ ಉಣ್ಣುವ ಮೊದಲು ಬಾಳೆಲೆಯ ಚೂರುಗಳಲ್ಲಿ ಚಿಟಿಕೆ ಚಿಟಿಕೆ ಅನ್ನ ಒಲೆಗೆ, ನೀರಿನ ಕೊಡಕ್ಕೆ, ಬಾಗಿಲಿಗೆ ಹೋಗುತ್ತದೆ.

ನಾಲ್ಕನೆಯ ದಿನ ಸೊಸೆ ಅಂಥ ಒಂದು ಚೂರನ್ನು ಬಾಲೆ ದಜಾದ ಮುಂದಿನ ನೆಲದಲ್ಲಿದ್ದ ಗುಂಡುಕಲ್ಲಿನ ಬಳಿ ಇಟ್ಟಳು. ಕಂಕುಳಲ್ಲಿ ಎರಡು ತಿಂಗಳ ಗಂಡುಮಗು. 105 ದಿನ ತುಂಬಿ ಶಾಸ್ತ್ರವಾಗುವವರೆಗೆ ಅದರ ಪಾದ ನೆಲಕ್ಕೆ ತಾಗುವಂತಿಲ್ಲ, ಕೈಯಿಂದ ಕೈಗೇ ಬೆಳೆಯಬೇಕು. ಕಲ್ಲಿನ ಕೆಳಗೇನಿದೆ ಎಂದು ಕೇಳಿದೆ. ಮಗುವಿನ ಮಾಸು, ತೆಂಗಿನ ಚಿಪ್ಪಿನಲ್ಲಿಟ್ಟು ಹೂತದ್ದು. ಗಂಡಾದರೆ ಬಾಗಿಲ ಬಲಕ್ಕೆ, ಹೆಣ್ಣಾದರೆ ಎಡಕ್ಕೆ. ಅದು ಮಗುವಿನ ಒಡಹುಟ್ಟು, ಜೀವಮಾನವಿಡೀ ಕಾಯುತ್ತದೆ ಎಂದಳು.

"ಇದರ ಅಪ್ಪನದು?"

ಅಪ್ಪ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿದ್ದಾನೆ, ಬರುವುದು ಇನ್ನೂ ಐದು ತಿಂಗಳಿಗೆ. ಇಬು ಸೊಸೆಯ ಕಡೆ ನೋಡಿ ಏನೋ ಹೇಳಿದರು. ಅಂಗಳಕ್ಕೆ ಸಿಮೆಂಟು ಹಾಕಿಸಿದಾಗ ಅವನ ಕಲ್ಲು ಮುಚ್ಚಿಹೋಯಿತಂತೆ, ಆದರೆ ಜಾಗ ಅವರಿಗೆ ಗೊತ್ತು. ಗದ್ದ ಎತ್ತಿ ತೋರಿಸಿದರು. ಅಲ್ಲಿ ನೆರಳಿನಲ್ಲಿ ನನ್ನ ಸ್ಕೂಟರ್ ನಿಂತಿತ್ತು.

ನಾಲ್ಕು ದಿನ ಯಾರೂ ಒಂದು ಮಾತು ಆಡಿರಲಿಲ್ಲ. ಎದ್ದು ಹೋಗಿ, ಸ್ಟಾರ್ಟ್ ಮಾಡದೆ, ತಳ್ಳಿಕೊಂಡೇ ಗೋಡೆಯ ಬಳಿಯ ಬಿಸಿಲಿಗೆ ನಿಲ್ಲಿಸಿ ಬಂದೆ.