ಗೋಡೆ ಫೋಟೋದಲ್ಲಿ ಅರ್ಧ ಚಿಕ್ಕಪ್ಪ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಗೋಡೆಯ ಮೇಲೆ ಅಕ್ಕನ ಮದುವೆಯ ಗುಂಪು ಫೋಟೋ ಒಂದಿದೆ. 10 ಇಂಚು ಉದ್ದ, 8 ಇಂಚು ಎತ್ತರ. ಬಲಗಡೆ ಕೊನೆಯಲ್ಲಿ ಒಂದು ಭುಜ, ಅರ್ಧ ಕಿವಿ. ಅದು ನಮ್ಮ ಚಿಕ್ಕಪ್ಪ. ಇಷ್ಟು ವರ್ಷ ಎಲ್ಲರೂ ಪಾಪ, ಆ ಫೋಟೋಗ್ರಾಫರನ್ನೇ ಬೈದೆವು. ಮೊನ್ನೆ ಬಿಸ್ಕತ್ ಡಬ್ಬದಲ್ಲಿ ನೆಗೆಟಿವ್ ಸಿಕ್ಕಿತು. ಕಿಟಕಿ ಬೆಳಕಿಗೆ ಹಿಡಿದರೆ, ಚಿಕ್ಕಪ್ಪ ಪೂರ್ತಿ ಇದ್ದಾರೆ!

ತಪ್ಪು ಕಾಗದದ ಸೈಜಿನದು. ಮಾಮೂಲಿ 35 ಎಂಎಂ ರೀಲಿನಲ್ಲಿ ಒಂದು ಚಿತ್ರ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಎತ್ತರ. ಅಂದರೆ 3ಕ್ಕೆ 2. ಇದು 6x4 ಕಾಗದದಲ್ಲಿ ಸರಿಯಾಗಿ ಕೂರುತ್ತದೆ, 12x8ರಲ್ಲೂ ಕೂರುತ್ತದೆ. 10x8 ಕಾಗದ ಪೂರ್ತಿ ತುಂಬಬೇಕು ಅಂದರೆ ಆ 12 ಇಂಚಿನಲ್ಲಿ 2 ಇಂಚು ಕತ್ತರಿಸಲೇಬೇಕು. ಸಾಲಿನ ಕೊನೆಯಲ್ಲಿ ನಿಂತವರಿಗೆ ಕತ್ತರಿ.

ಸರಿ, 12x8 ಹಾಕಿಸೋಣ ಅಂತ ಒಂದು ಲ್ಯಾಬಿಗೆ ಹೋದೆ. ಬಂದ ಪ್ರಿಂಟಿನಲ್ಲಿ ಮುಖಗಳೆಲ್ಲ ನೀರಲ್ಲಿ ನೆನೆದ ಹಾಗಿದ್ದವು. ಯಾಕೆ ಅಂತ ಆಮೇಲೆ ತಿಳಿಯಿತು. ಈಗ ಹೆಚ್ಚಿನ ಕಡೆ ನೆಗೆಟಿವನ್ನು ಮೊದಲು ಸ್ಕ್ಯಾನ್ ಮಾಡುತ್ತಾರೆ, ಆ ಫೈಲಿನಿಂದ ಪ್ರಿಂಟ್ ತೆಗೆಯುತ್ತಾರೆ. ರಂಗೋಲಿಗೆ ಚುಕ್ಕಿ ಇಡುತ್ತೀರಲ್ವಾ, ಹಾಗೇ ಇದು. ಒಳ್ಳೆಯ ಪ್ರಿಂಟಿಗೆ ಕಾಗದದ ಪ್ರತಿ ಇಂಚಿಗೆ 300 ಚುಕ್ಕಿ ಬೇಕು. 12 ಇಂಚಿಗೆ 3600. ಅಷ್ಟೂ ಚುಕ್ಕಿ ಒಂದೂವರೆ ಇಂಚಿಗಿಂತ ಚಿಕ್ಕದಾದ ನೆಗೆಟಿವಿನಿಂದಲೇ ಬರಬೇಕು! ಹಾಗಾಗಿ ಸ್ಕ್ಯಾನ್ 2600 ಡಿಪಿಐ, ಅಂದರೆ ನೆಗೆಟಿವಿನ ಪ್ರತಿ ಇಂಚಿಗೆ 2600 ಚುಕ್ಕಿ, ಆದರೂ ಇರಬೇಕು. ನನಗೆ ಸಿಕ್ಕಿದ್ದು 1200. ಅದು ಅಂಗೈ ಅಗಲದ ಫೋಟೋಗೆ ಸಾಕು, ಗೋಡೆಗೆ ಸಾಲದು.

ಎರಡನೇ ಸಲ ಬೇರೆ ಕಡೆ ಹೋದೆ. ಅಲ್ಲಿನ ಹುಡುಗ ಮೊದಲು ನೆಗೆಟಿವಿಗೆ ಪಂಪಿನಿಂದ ಗಾಳಿ ಊದಿ ಧೂಳು ತೆಗೆದ. ಪಂಚೆ ಸೆರಗಿನಿಂದ ಒರೆಸಬೇಡಿ ಸಾರ್, ಗೀರು ಬೀಳುತ್ತೆ ಅಂದ. ನಾನು ಒರೆಸಿಯಾಗಿತ್ತು, ಸುಮ್ನೆ ತಲೆಯಾಡಿಸಿದೆ. ಕಲರ್ ಫಿಲ್ಮಾದರೆ ಸ್ಕ್ಯಾನರೇ ಧೂಳಿನ ಕಲೆಗಳನ್ನು ಗುರುತಿಸಿ ಅಳಿಸಬಲ್ಲದು. ಹಳೆಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆಗಿರುತ್ತದೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ, ಕೈಯಿಂದಲೇ ತೆಗೆಯಬೇಕು. ನಮ್ಮ ತಂದೆಯ ಕಾಲದಲ್ಲಿ ಊಟಿಯ ಕಾರ್ಖಾನೆಯಿಂದ ಬರುತ್ತಿದ್ದ 'ಇಂದು' ಫಿಲ್ಮು ನಿಮ್ಮ ಡಬ್ಬದಲ್ಲಿದ್ದರೆ ಇದು ನೆನಪಿರಲಿ.

ಆಮೇಲೆ ಬಣ್ಣ. ಕಲರ್ ನೆಗೆಟಿವ್ ಕಿತ್ತಳೆ ಬಣ್ಣಕ್ಕೆ ಕಾಣುತ್ತದೆ, ಅದರಿಂದ ನಿಜವಾದ ಬಣ್ಣ ಊಹಿಸುವುದು ಕಷ್ಟ. ಹಳೆಯ ಪ್ರಿಂಟ್ ತೋರಿಸಿ 'ಹೀಗೇ ಬರಲಿ' ಅನ್ನಬೇಡಿ, ಅದು ಆಗಲೇ ಮಾಸಿರುತ್ತದೆ. ನಾನು ಅಕ್ಕನ ಧಾರೆ ಸೀರೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಹುಡುಗ ನಕ್ಕ. ಆದರೆ ಅವನು ನೋಡಿದ್ದು ಸೀರೆಯನ್ನಲ್ಲ, ಗಂಡಸರ ಪಂಚೆಯನ್ನು. ಬಿಳಿ ಪಂಚೆ ನೀಲಿಯಾಗಿ ಕಂಡರೆ ಇಡೀ ಫೋಟೋ ನೀಲಿಗೆ ವಾಲಿದೆ ಅಂತ ಲೆಕ್ಕ. ಮೊದಲು ಒಂದು ಚಿಕ್ಕ ತುಂಡು ಪ್ರಿಂಟ್ ತೆಗೆದ. ಹೊರಗೆ ಬಿಸಿಲಿಗೆ ತಂದು ಇಬ್ಬರೂ ನೋಡಿದೆವು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಇನ್ನೊಂದು ಮಾತು. ಸೆರಗು ಬಲ ಭುಜದ ಮೇಲೆ ಬಂದಿದ್ದರೆ ನೆಗೆಟಿವ್ ತಿರುವುಮುರುವಾಗಿದೆಯೇನೋ ಅಂತ ಒಮ್ಮೆ ವಿಚಾರಿಸಿ.

ಕಾಗದ? ಗ್ಲಾಸಿಯಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಕಿಟಕಿ ಎದುರು ನೇತು ಹಾಕಿದರೆ ಕಿಟಕಿಯೇ ಕಾಣುತ್ತದೆ. ನಾನು ಹೊಳಪಿಲ್ಲದ ಮ್ಯಾಟ್ ಹಾಕಿಸಿದೆ.

ಈಗ ಗೋಡೆಯ ಮೇಲೆ ಚಿಕ್ಕಪ್ಪ ಪೂರ್ತಿ ನಿಂತಿದ್ದಾರೆ. ಅವರ ಪಕ್ಕದಲ್ಲಿ ಇನ್ನೊಬ್ಬರೂ ಇದ್ದಾರೆ, ಕೋಟು ಹಾಕಿಕೊಂಡು, ತುಂಬಾ ಗತ್ತಿನಿಂದ. ಅವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಅಂತ ಮನೆಯಲ್ಲಿ ಇನ್ನೂ ಜಗಳ ನಡೆಯುತ್ತಿದೆ.

ನಮಸ್ಕಾರ.